ಮ್ಯಾಚ್ ದಿನದ ಡಬ್ಬ: ಈ ಸೀಸನ್‌ನಿಂದ ವಾರವಾರ ಬುಕಿಂಗ್

ಪ್ರಿಯ ಗ್ರಾಹಕರೇ, ನಮಸ್ಕಾರ.

ಹಸ್ಕೀಸ್ (ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ) ಮ್ಯಾಚ್ ದಿನ ನಮ್ಮ ಅಡುಗೆಮನೆಯಿಂದ ಡಬ್ಬ ತರಿಸಿಕೊಳ್ಳುವ ಸಿಯಾಟಲ್‌ನ ಎಲ್ಲ ಮನೆಗಳಿಗೂ ಈ ಪತ್ರ. ಇಡೀ ಸೀಸನ್‌ಗೆ ಒಂದೇ ಸಲ ಹಣ ಕಟ್ಟುವ ಪದ್ಧತಿ ನಿಲ್ಲಿಸುತ್ತಿದ್ದೇವೆ. ಇನ್ಮೇಲೆ ಆಯಾ ವಾರದ ಡಬ್ಬಕ್ಕೆ ಆಯಾ ವಾರವೇ ಬುಕಿಂಗ್. ಮುಂಗಡ ಕೊಟ್ಟವರಿಗೆ ಪೂರ್ತಿ ಹಣ ವಾಪಸ್ ಬರುತ್ತದೆ.

ಕಾರಣ ಹೇಳಬೇಕು ಅಲ್ವಾ? 2024ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಪ್ಯಾಕ್-12 ಎಂಬ ಕಾನ್ಫರೆನ್ಸ್ (ಕಾಲೇಜು ತಂಡಗಳ ಲೀಗ್) ಬಿಟ್ಟು ಬಿಗ್ ಟೆನ್ ಎಂಬ ಇನ್ನೊಂದನ್ನು ಸೇರಿತು. ಲಾಸ್ ಏಂಜಲೀಸ್‌ನಿಂದ ನ್ಯೂಜೆರ್ಸಿಯವರೆಗೆ ಅದರಲ್ಲೀಗ 18 ತಂಡಗಳಿವೆ. ಇದೆಲ್ಲದರ ಹಿಂದೆ ಇರುವುದು ಟಿವಿ ಹಣ. ಮ್ಯಾಚ್ ಎಷ್ಟು ಗಂಟೆಗೆ ಅನ್ನುವುದನ್ನೂ ಟಿವಿಯವರೇ ತೀರ್ಮಾನಿಸುತ್ತಾರೆ. ಎಷ್ಟೋ ಮ್ಯಾಚ್‌ಗಳ ಸಮಯ 12 ದಿನ ಮುಂಚೆ, ಕೆಲವದ್ದು 6 ದಿನ ಮುಂಚೆಯಷ್ಟೇ ಗೊತ್ತಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಇಂಡಿಯಾನಾದಲ್ಲಿ ಆಡಿದಾಗ ಅಲ್ಲಿ ಮಧ್ಯಾಹ್ನ 12, ನಮಗೆ ಬೆಳಿಗ್ಗೆ 9. ಆ ಹೊತ್ತಿಗೆ ಬೇಕಾಗುವುದು ಬಿಸಿಬೇಳೆಬಾತ್ ಅಲ್ಲ, ಇಡ್ಲಿ-ವಡೆ ಮತ್ತು ಫ್ಲಾಸ್ಕ್ ತುಂಬ ಕಾಫಿ.

ಹಾಗಾಗಿ ಬೆಳಗಿನ ಮ್ಯಾಚ್‌ಗೆ ತಿಂಡಿ ಡಬ್ಬ, ಉಳಿದವಕ್ಕೆ ಊಟದ ಡಬ್ಬ. ಇಲ್ಲಿನ ಚಳಿಗೆ ಇಡ್ಲಿ ಹಿಟ್ಟು ಉಬ್ಬಲು ಜಾಸ್ತಿ ಹೊತ್ತು ಬೇಕು. ಶನಿವಾರದ ಡಬ್ಬಕ್ಕೆ ಬುಧವಾರ ರಾತ್ರಿಯೊಳಗೆ ಹೇಳಿಬಿಡಿ. ಶುಕ್ರವಾರ ಮ್ಯಾಚ್ ಇದ್ದರೆ ಮಂಗಳವಾರ.

ನಮಗೆ ನಿಜವಾಗಿ ಬೇಜಾರಾಗಿದ್ದು ಆಪಲ್ ಕಪ್ ವಿಷಯದಲ್ಲಿ. ನಮ್ಮ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯವಾದ ವಾಷಿಂಗ್ಟನ್ ಸ್ಟೇಟ್ ಜೊತೆಗಿನ ಈ ಮ್ಯಾಚ್ ಸಾಮಾನ್ಯವಾಗಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿರುತ್ತಿತ್ತು. ರಜೆಗೆ ಬಂದ ಮಕ್ಕಳು, ನೆಂಟರು, ಮನೆ ತುಂಬ ಜನ. ಅವತ್ತಿನ ಡಬ್ಬಕ್ಕೆ ಹೋಳಿಗೆಯೂ ಇರುತ್ತಿತ್ತು. ಎರಡೂ ಕಾಲೇಜುಗಳು ಬೇರೆ ಬೇರೆ ಕಾನ್ಫರೆನ್ಸ್ ಪಾಲಾದ ಮೇಲೆ ಅದು ಸೆಪ್ಟೆಂಬರ್‌ಗೆ ಹೋಯಿತು. 1900ರಲ್ಲಿ ಶುರುವಾದ ಪೈಪೋಟಿ ನಿಂತುಹೋಗಲಿಲ್ಲ, ಅಷ್ಟೇ ಸಮಾಧಾನ. ಹೋಳಿಗೆ ಮಾತ್ರ ಬಿಡುವುದಿಲ್ಲ, ಸೆಪ್ಟೆಂಬರ್‌ನಲ್ಲೂ ಇರುತ್ತದೆ.

ಇನ್ನು ಡಿಸೆಂಬರ್. 2023ರ ಸೀಸನ್‌ವರೆಗೆ, ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ಗೆ ನಾಲ್ಕೇ ತಂಡ, ಯಾರ ತವರಲ್ಲೂ ಪಂದ್ಯವಿಲ್ಲ. ನಾವೂ ಒಲೆ ಆರಿಸಿ ಸುಮ್ನೆ ಕೂರುತ್ತಿದ್ದೆವು. ಈಗ 12 ತಂಡ. 5ರಿಂದ 8ನೇ ಸ್ಥಾನದವರಿಗೆ ಮೊದಲ ಸುತ್ತು ತಮ್ಮದೇ ಸ್ಟೇಡಿಯಂನಲ್ಲಿ. ಹಸ್ಕೀಸ್‌ಗೆ ಆ ಅವಕಾಶ ಸಿಕ್ಕರೆ ಕ್ರಿಸ್‌ಮಸ್‌ಗೆ ಸ್ವಲ್ಪ ಮುಂಚೆ ಮ್ಯಾಚ್ ಬೀಳುತ್ತದೆ. ವಿಷಯ ಖಚಿತವಾಗುವುದು ಎರಡು ವಾರ ಇರುವಾಗ. ಆಗ ಎಷ್ಟು ಜನಕ್ಕೆ ಅಡುಗೆ ಅಂತ ನಮಗೆ ಅಂದಾಜು ಬೇಕು. ಡಿಸೆಂಬರ್‌ನಲ್ಲಿ ಊರಿಗೆ ಹೋಗದೆ ಇಲ್ಲೇ ಇರುವವರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈಗಲೇ ಹೆಸರು ಹಾಕಿಡಿ. ಹಣ ಆಮೇಲೆ ಕೊಟ್ಟರೆ ಸಾಕು.

ಇಂತಿ,
ನಿಮ್ಮ ಅಡುಗೆಮನೆ ಬಳಗ