ಜೇನು ತೆಗೆಯುವ ಯಂತ್ರದ ಬದಲಾವಣೆ: ಗ್ರಾಹಕರಿಗೆ ಪತ್ರ

ಆತ್ಮೀಯ ಜೇನು ಕೃಷಿಕರೇ,

ಎರಿ (ಜೇನುನೊಣಗಳು ಕಟ್ಟಿದ ಮೇಣದ ಗೂಡು) ಇರುವ ಚೌಕಟ್ಟುಗಳನ್ನು ಪೀಪಾಯಿಯೊಳಗೆ ತಿರುಗಿಸಿ ಜೇನುತುಪ್ಪ ತೆಗೆಯುವ ಯಂತ್ರಗಳಲ್ಲಿ, ಸತುವಿನ ಲೇಪವಿರುವ ತಗಡಿನ, ನಾಲ್ಕು ಚೌಕಟ್ಟು ಹಿಡಿಸುವ ಯಂತ್ರವನ್ನು ನಮ್ಮ ಸಹಕಾರ ಸಂಘ ಇನ್ನು ತಯಾರಿಸುವುದಿಲ್ಲ. ಅದರ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಎರಡು ಚೌಕಟ್ಟಿನ ಯಂತ್ರ ಬರುತ್ತಿದೆ.

ದುರಸ್ತಿಗೆ ಬಂದ ಹಳೆಯ ಯಂತ್ರವೊಂದರ ಪೀಪಾಯಿ ಈ ನಿರ್ಧಾರಕ್ಕೆ ಕಾರಣ. ಪ್ರತಿ ಸಲವೂ ತೊಳೆದು, ಒರೆಸಿ, ಜೋಪಾನವಾಗಿ ಇಟ್ಟಿದ್ದ ಪೀಪಾಯಿ ಅದು. ಆದರೂ ನಲ್ಲಿಯ ಸುತ್ತ, ತುಪ್ಪ ನಿಂತು ಹರಿಯುವ ಜಾಗದಲ್ಲೇ, ಲೇಪ ಮಂಕಾಗಿತ್ತು. ಬೆಸುಗೆಯ ಅಂಚಿಗೆ ಉಗುರು ತಾಗಿಸಿದರೆ ತುಕ್ಕು ಉದುರಿತು. ಎಷ್ಟೇ ಸಿಹಿಯಾಗಿದ್ದರೂ ಜೇನುತುಪ್ಪದಲ್ಲಿ ಆಮ್ಲವಿದೆ. ಆಮ್ಲದ ಅಳತೆಯಾದ ಪಿಎಚ್ ಅದರಲ್ಲಿ ಸಾಮಾನ್ಯವಾಗಿ 4ರ ಆಸುಪಾಸು. ಆ ಆಮ್ಲಕ್ಕೆ ಸತು ಕರಗುತ್ತದೆ, ಕರಗಿದ್ದು ತುಪ್ಪಕ್ಕೇ ಸೇರುತ್ತದೆ. ಬೆಲೆ ಇಳಿಸಲೆಂದು ಆ ತಗಡನ್ನು ಆರಿಸಿದವರು ನಾವು. ಅದಕ್ಕಾಗಿ ಕ್ಷಮೆ ಕೇಳುತ್ತೇವೆ.

ಸ್ಟೀಲು ದುಬಾರಿ. ಹಾಗೆಂದು ಯಂತ್ರವೂ ಕೈಗೆಟುಕದಂತಾದರೆ ನಮ್ಮ ಕೆಲಸಕ್ಕೆ ಅರ್ಥವಿಲ್ಲ. ಆದ್ದರಿಂದ ಪೀಪಾಯಿಯ ಸುತ್ತಳತೆಯನ್ನು ಕಡಿಮೆ ಮಾಡಿದೆವು. ತುಪ್ಪ ತಾಗದ ಕಾಲುಗಳಿಗೆ ಬಣ್ಣ ಬಳಿದ ಕಬ್ಬಿಣವೇ ಸಾಕೆಂದು ಉಳಿಸಿಕೊಂಡೆವು. ತಳದಲ್ಲಿದ್ದ ಬೇರಿಂಗನ್ನು ತೆಗೆದು, ಚೌಕಟ್ಟುಗಳ ಬುಟ್ಟಿಯನ್ನು ತಿರುಗಿಸುವ ನಡುಗಂಬಿಯ ತುದಿ ಒಂದೇ ಒಂದು ಸ್ಟೀಲ್ ಗುಂಡಿನ ಮೇಲೆ ತಿರುಗುವಂತೆ ಮಾಡಿದೆವು. ಇದರಿಂದ ಖರ್ಚು ಉಳಿಯಿತು. ಅದಕ್ಕಿಂತ ಮುಖ್ಯವಾಗಿ, ತುಪ್ಪ ತಾಗುವ ತಳಕ್ಕೆ ಗ್ರೀಸ್ ಹಚ್ಚುವ ಅಗತ್ಯವೇ ಇಲ್ಲವಾಯಿತು. ಗೇರುಗಳು ಮೇಲಿನ ಅಡ್ಡಪಟ್ಟಿಯಲ್ಲಿ ಮೊದಲಿನಂತೆಯೇ ಇವೆ.

ಒಂದು ಸಲಕ್ಕೆ ಎರಡೇ ಚೌಕಟ್ಟು ಎಂದರೆ ಹೆಚ್ಚು ಹೊತ್ತು ಬೇಕು, ನಿಜ. ಐದಾರು ಜೇನುಪೆಟ್ಟಿಗೆ ಇರುವವರಿಗೆ ಇದು ದೊಡ್ಡ ತೊಂದರೆಯಾಗದು. ಹೆಚ್ಚು ಪೆಟ್ಟಿಗೆ ಇರುವವರು ದಯವಿಟ್ಟು ನಮ್ಮೊಡನೆ ಮಾತನಾಡಿಯೇ ಕೊಳ್ಳಿ.

ತಿರುಗಿಸುವಾಗ ಅವಸರ ಬೇಡ. ಹೆಚ್ಚುಕಡಿಮೆ ಒಂದೇ ತೂಕದ ಎರಿಗಳನ್ನು ಎದುರುಬದುರು ಇಡಿ, ಇಲ್ಲದಿದ್ದರೆ ಪೀಪಾಯಿ ಕುಣಿಯುತ್ತದೆ. ಹೊರಮುಖವಾಗಿರುವ ಮೊದಲ ಮಗ್ಗುಲಿನ ತುಪ್ಪ ಅರ್ಧ ಹೊರಬಂದೊಡನೆ ಚೌಕಟ್ಟನ್ನು ಮಗುಚಿ. ಎರಡನೆಯ ಮಗ್ಗುಲು ಪೂರ್ತಿ ಬರಿದಾದ ಮೇಲೆ ಮತ್ತೆ ಮಗುಚಿ ಉಳಿದದ್ದನ್ನು ತೆಗೆಯಿರಿ. ಒಂದೇ ಸಲಕ್ಕೆ ಜೋರಾಗಿ ತಿರುಗಿಸಿದರೆ ಒಳಮಗ್ಗುಲಿನ ತುಪ್ಪದ ಭಾರಕ್ಕೆ ಎಳೆಯ ಎರಿ ಬುಟ್ಟಿಯ ಬಲೆಗೆ ಒತ್ತಿ ಒಡೆಯುತ್ತದೆ. ಒಡೆದ ಎರಿಯನ್ನು ಮತ್ತೆ ಕಟ್ಟಲು ನೊಣಗಳು ತಮ್ಮ ತುಪ್ಪವನ್ನೇ ತಿಂದು ಮೇಣ ಮಾಡಬೇಕು.

ಹಳೆಯ ಯಂತ್ರ ಇರುವವರು ಅದನ್ನು ಗುಜರಿಗೆ ಹಾಕಬೇಡಿ. ಅದರ ಹಿಡಿ, ಗೇರುಗಳು ಹೊಸ ಪೀಪಾಯಿಗೆ ಹೊಂದುತ್ತವೆ. ಅಂಥವರಿಗೆ ಪೀಪಾಯಿ, ಬುಟ್ಟಿ ಮತ್ತು ಅಡ್ಡಪಟ್ಟಿಯನ್ನು ಬಿಡಿಯಾಗಿಯೇ ಕೊಡುತ್ತೇವೆ. ಅಲ್ಲಿಯವರೆಗೆ ಲೇಪ ಕಿತ್ತ ಪೀಪಾಯಿಯಲ್ಲಿ ತುಪ್ಪ ತೆಗೆಯದಿರಿ.

ನಿಮ್ಮ ವಿಶ್ವಾಸಿಗಳು,
ಕಾರ್ಯಾಗಾರದ ಸದಸ್ಯರು