ಮೊದಲ ಸೀನಿಗೇ ಹೆಣ ಯಾಕೆ?

ಪ್ರೀತಿಯ ತಮ್ಮಾ,

ನಿನ್ನ ಹತ್ತು ಕಂತಿನ ಸ್ಕ್ರಿಪ್ಟ್ ಓದಿದೆ. ಮೊದಲ ಸೀನಿಗೇ ಕೆರೆಯಲ್ಲಿ ಹೆಣ. ಎರಡನೇ ಸೀನಿಗೆ ಇನ್‌ಸ್ಪೆಕ್ಟರ್, ಅವನಿಗೊಂದು ಹಳೇ ದುಃಖ. 'ಬ್ರಿಟಿಷ್ ಸೀರೀಸ್ ಥರ ಇರಬೇಕು ಸಾರ್' ಎಂದು ಬರೆದಿದ್ದೀಯ. ಯಾವ ಕಾಲದ್ದು ಮಾರಾಯ?

1979ರ ಬಿಬಿಸಿ ಧಾರಾವಾಹಿ 'ಟಿಂಕರ್ ಟೈಲರ್ ಸೋಲ್ಜರ್ ಸ್ಪೈ' ನೋಡು. ಏಳೇ ಕಂತು. ಗೂಢಚಾರರ ಕಥೆ, ಆದರೆ ಶುರುವಾಗುವುದು ಮೀಟಿಂಗ್ ರೂಮಿನಲ್ಲಿ. ನಾಲ್ಕು ಜನ ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಒಬ್ಬ ಟೀ ಕಪ್ಪಿನ ಮೇಲೆ ಸಾಸರ್ ಮುಚ್ಚಿಕೊಂಡು ಬರುತ್ತಾನೆ. ಎಲ್ಲರೂ ಕೂತ ಮೇಲೇ ಮೊದಲ ಮಾತು. ಅಷ್ಟರಲ್ಲಿ ಯಾರು ಎಂಥವರು ಅಂತ ನಮಗೆ ಅಂದಾಜಾಗಿರುತ್ತದೆ. ಇವತ್ತು ಇಂಥ ಸೀನ್ ಬರೆದರೆ 'ಲ್ಯಾಗ್' ಅಂತ ಕತ್ತರಿ ಹಾಕುತ್ತಾರೆ, ಅಲ್ವಾ?

ಆ ಕಾಲದ ಬರಹಗಾರರು ಸುಮ್ನೆ ಹುಟ್ಟಿಕೊಂಡವರಲ್ಲ. 1970ರಿಂದ 1984ರವರೆಗೆ ಬಿಬಿಸಿಯಲ್ಲಿ 'ಪ್ಲೇ ಫಾರ್ ಟುಡೇ' ಬರುತ್ತಿತ್ತು. ಪ್ರತಿ ಸಲ ಬೇರೆ ಕಥೆ, ಬೇರೆ ಪಾತ್ರ. ಒಂದು ತೋಪಾದರೆ ಆಗಲಿ, ಮುಂದೆ ಇನ್ನೊಂದಿದೆ. ಡಾಂಬರು ಹಾಕುವ ಲಿವರ್‌ಪೂಲ್ ಕೂಲಿಗಳ ಬಗ್ಗೆ ಅಲನ್ ಬ್ಲೀಸ್‌ಡೇಲ್ ಬರೆದದ್ದೂ ಮೊದಲು ಇಂಥದೇ ಒಂದು ಬಿಡಿ ನಾಟಕ. ಅದೇ ಕೂಲಿಗಳು 1982ರಲ್ಲಿ ಐದು ಕಂತಿನ 'ಬಾಯ್ಸ್ ಫ್ರಮ್ ದಿ ಬ್ಲ್ಯಾಕ್‌ಸ್ಟಫ್'ಗೆ ಬಂದರು. ಸಿಕ್ಕಸಿಕ್ಕವರ ಹತ್ತಿರ ಕೆಲಸ ಕೇಳುವ ಯೋಸರ್ ಅಲ್ಲಿ ಮನೆಮಾತಾದ. ಈಗ ಬಿಡಿ ನಾಟಕಕ್ಕೆ ಜಾಗ ತೀರಾ ಕಮ್ಮಿ. ಖರ್ಚು ಜಾಸ್ತಿ, ಹೊರದೇಶದ ದುಡ್ಡು ಬೇಕು, ಹೊರಗೆಲ್ಲ ಸಲೀಸಾಗಿ ಮಾರಾಟವಾಗುವುದು ಕೊಲೆ. ನನ್ನ ಪ್ರಕಾರ ಬ್ರಿಟಿಷ್ ಸೀರೀಸ್ ಹಾಳಾಗಿದ್ದು ಅಲ್ಲಿ, ಬರೆಯುವವರಿಂದಲ್ಲ.

ಪೂರ್ತಿ ಹಾಳಾಗಿಯೂ ಇಲ್ಲ ಅನ್ನು. 2024ರ ಜನವರಿಯಲ್ಲಿ ಬ್ರಿಟನ್ನಿನ ಐಟಿವಿ ಚಾನೆಲ್‌ನಲ್ಲಿ ನಾಲ್ಕು ಕಂತಿನ 'ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್' ಬಂತು. ಕಂಪ್ಯೂಟರ್ ತಪ್ಪು ಲೆಕ್ಕಕ್ಕೆ ಸಣ್ಣ ಅಂಚೆ ಕಚೇರಿ ನಡೆಸುವವರು ಕಳ್ಳರೆನಿಸಿಕೊಂಡ ಕಥೆ. ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಬಂದಿದ್ದ ಸುದ್ದಿಯೇ. ಒಬ್ಬ ಹೆಂಗಸು ಸಹಾಯವಾಣಿಗೆ ಫೋನ್ ಹಿಡಿದು, ಅವರು ಹೇಳಿದ ಹಾಗೇ ಕೀಲಿ ಒತ್ತುತ್ತಾಳೆ. ಕಣ್ಣೆದುರೇ ಕೊರತೆ ಎರಡರಷ್ಟಾಗುತ್ತದೆ. ಜನ ರೊಚ್ಚಿಗೆದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಅಂಥವರ ಶಿಕ್ಷೆಗಳನ್ನು ರದ್ದು ಮಾಡುವ ಕಾಯ್ದೆಯೇ ಬಂತು. ಹೆಣ ಬೇಕಾಗಲಿಲ್ಲ ನೋಡು.

ನಿನ್ನ ಏಳನೇ ಕಂತಿನಲ್ಲಿ ಅಪ್ಪ ಬ್ಯಾಂಕಿನ ನೋಟಿಸನ್ನು ಅಕ್ಕಿ ಡಬ್ಬದಲ್ಲಿ ಅಡಗಿಸುತ್ತಾನೆ. ಅಮ್ಮ ಅನ್ನಕ್ಕಿಡಲು ಬರುತ್ತಾಳೆ. ಅಲ್ಲೇ ಕಟ್ ಮಾಡಿ ಪೊಲೀಸ್ ಜೀಪ್ ತೋರಿಸಿಬಿಟ್ಟಿದ್ದೀಯ! ಆ ಅಡುಗೆಮನೆಯಲ್ಲೇ ಕೂತು ಒಂದು ಗಂಟೆಯ ನಾಟಕ ಬರೆದು ಕಳಿಸು. ಜೀಪ್ ಸ್ಟೇಷನ್ನಿನಲ್ಲೇ ಇರಲಿ.

ಇಂತಿ,
ನಿನ್ನ ಮೇಷ್ಟ್ರು