ಹೆಚ್ಚು-ಕಡಿಮೆ ಎಷ್ಟು ಎಂಬುದನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಸರೋವರದ ಕೆಸರಿನಿಂದ ಹಿಮಯುಗದ ತಾಪಮಾನವನ್ನು ಲೆಕ್ಕ ಹಾಕುವ ಬಗ್ಗೆ ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಅರ್ಧ ಕಾಲಂ ಸುದ್ದಿ ಬಂದಿತ್ತು. ಅದನ್ನು ಓದಿದ ನನ್ನ ಮೈದುನ ಪತ್ರಿಕೆಯನ್ನು ಮಡಚಿಟ್ಟು, ‘ಅತ್ತಿಗೆ, ಇಪ್ಪತ್ತು ಸಾವಿರ ವರ್ಷದ ಹಿಂದೆ ಅಲ್ಲಿ ಥರ್ಮಾಮೀಟರ್ ನೇತು ಹಾಕಿದವರು ಯಾರಂತೆ?’ ಎಂದು ಕೇಳಿದ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದವಳು ನಾನು. ಅವನ ಕುಹಕಕ್ಕಿಂತ ನಿಮ್ಮ ಸುದ್ದಿಯ ಮೇಲೇ ಸಿಟ್ಟು ಬಂತು. ‘ಬ್ಯಾಕ್ಟೀರಿಯಾಗಳ ಪಳೆಯುಳಿಕೆ’ ಎಂದು ಬರೆದಿದ್ದೀರಿ. ಉಳಿದಿರುವುದು ಬ್ಯಾಕ್ಟೀರಿಯಾ ಅಲ್ಲ, ಅದರ ಜೀವಕೋಶದ ಪೊರೆಯಲ್ಲಿದ್ದ ಕೊಬ್ಬು.

ಮೈದುನನನ್ನು ಬಚ್ಚಲೊಲೆಯ ಹತ್ತಿರ ಕರೆದುಕೊಂಡು ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ ತೋರಿಸಿದೆ. ಧನುರ್ಮಾಸದಲ್ಲಿ ಎಣ್ಣೆ ಹೆಪ್ಪುಗಟ್ಟುತ್ತದೆ, ತಲೆಗೆ ಹಚ್ಚಬೇಕಾದರೆ ಬಾಟಲಿಯನ್ನು ಹಂಡೆಗೆ ಒರಗಿಸಿಡಬೇಕು. ಅದೇ ಚಳಿಯಲ್ಲಿ ಅಡುಗೆಮನೆಯ ಶೇಂಗಾ ಎಣ್ಣೆ ಸಲೀಸಾಗಿ ಸುರಿಯುತ್ತದೆ. ಎರಡೂ ಎಣ್ಣೆಯೇ, ಅಣುಗಳ ರಚನೆ ಮಾತ್ರ ಬೇರೆ. ಬ್ಯಾಕ್ಟೀರಿಯಾಕ್ಕೆ ಹಂಡೆಯ ಸೌಕರ್ಯವಿಲ್ಲ, ಪೊರೆ ಗಟ್ಟಿಯಾದರೆ ಅದರ ಕಥೆ ಮುಗಿಯಿತು. ಹಾಗಾಗಿ ಚಳಿ ಹೆಚ್ಚಾದಂತೆ ಕೊಬ್ಬಿನ ಸರಪಳಿಗೆ ಮೀಥೈಲ್ ಎಂಬ ಪುಟ್ಟ ಕವಲುಗಳನ್ನು ಹೆಚ್ಚು ಹೆಚ್ಚು ಸೇರಿಸಿಕೊಳ್ಳುತ್ತದೆ. ಕವಲಿದ್ದರೆ ಸರಪಳಿಗಳು ಒತ್ತೊತ್ತಾಗಿ ಕೂರಲಾರವು, ಪೊರೆ ಮೆದುವಾಗಿಯೇ ಇರುತ್ತದೆ. ಸೆಕೆಗಾಲಕ್ಕೆ ಕವಲು ಕಡಿಮೆ ಸಾಕು. ಅಣುವಿನ ತೂಕ ಅಳೆಯುವ ಯಂತ್ರದಲ್ಲಿ ನಾಲ್ಕು ಕವಲಿನ ಅಣು 1022 ಎಂದು ತೋರಿದರೆ ಐದರದ್ದು 1036, ಆರರದ್ದು 1050. ಒಂದೊಂದು ಮೆಟ್ಟಿಲಿಗೂ 14: ಒಂದು ಇಂಗಾಲ, ಎರಡು ಜಲಜನಕ. ಇಂಥದ್ದು ಕಂಡರೆ ಈ ವಯಸ್ಸಿನಲ್ಲೂ ಕೈ ಸೀಮೆಸುಣ್ಣ ಹುಡುಕುತ್ತದೆ.

ಆದರೆ ಕೆಸರಿನ ಪದರದಲ್ಲಿ ಈ ಅಣುಗಳ ಪಾಲನ್ನು ಅಳೆದರೆ ಸಿಗುವುದು ಡಿಗ್ರಿಯಲ್ಲ, ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಅಂಕಿ. ಅದನ್ನು ಡಿಗ್ರಿಗೆ ತಿರುಗಿಸಲು ಅಳತೆಗೋಲು ಬೇಕು. ನಿಮ್ಮ ಸುದ್ದಿ ಹಾರಿಸಿದ್ದು ಈ ಭಾಗವನ್ನೇ. 2007ರಲ್ಲಿ ಬಂದ ಮೊದಲ ಅಳತೆಗೋಲು ನಾನಾ ದೇಶಗಳ ಮಣ್ಣಿನಿಂದ ಮಾಡಿದ್ದು. ಅದನ್ನೇ ಪೂರ್ವ ಆಫ್ರಿಕದ ಸರೋವರಗಳಿಗೆ ಹಿಡಿದಾಗ ಉತ್ತರ ನಿಜಕ್ಕಿಂತ ತಂಪಾಗಿ ಬಂತು. ಸುತ್ತಲಿನ ಮಣ್ಣಿನಿಂದ ಕೊಚ್ಚಿಕೊಂಡು ಬಂದದ್ದು ಎಂದುಕೊಂಡಿದ್ದ ಕೊಬ್ಬು ಸರೋವರದೊಳಗೂ ತಯಾರಾಗುತ್ತಿತ್ತು! ಸರಿ, ಸರೋವರಗಳಿಗೇ ಬೇರೆ ಅಳತೆಗೋಲು ಮಾಡಿದರು. 2012ರಲ್ಲಿ ಪೂರ್ವ ಆಫ್ರಿಕದ 111 ಸರೋವರಗಳ ಕೆಸರನ್ನು ಅಲ್ಲಲ್ಲಿನ ಇಂದಿನ ತಾಪಮಾನದೊಂದಿಗೆ ಹೋಲಿಸಿ, ಅದರ ಆಧಾರದಲ್ಲಿ ಕೀನ್ಯಾ ಪರ್ವತದ ಸೇಕ್ರೆಡ್ ಲೇಕ್‌ನ 48,000 ವರ್ಷಗಳ ತಾಪಮಾನವನ್ನು ಲೆಕ್ಕ ಹಾಕಿದರು. ಅಷ್ಟರಲ್ಲಿ ಇನ್ನೊಂದು ತೊಡಕು. ಕವಲು ಐದನೇ ಇಂಗಾಲದ ಮೇಲಿದ್ದರೂ ಆರನೆಯದರ ಮೇಲಿದ್ದರೂ ತೂಕ ಒಂದೇ, ಹಳೆಯ ವಿಧಾನದಲ್ಲಿ ಎರಡೂ ಒಂದಾಗಿಯೇ ಕಾಣುತ್ತಿದ್ದವು. ಬೇರ್ಪಡಿಸಿ ನೋಡಿದರೆ ತಾಪಮಾನವನ್ನು ಚೆನ್ನಾಗಿ ಅನುಸರಿಸುವುದು ಐದನೇ ಇಂಗಾಲದ ಮೇಲೆ ಕವಲಿರುವುದು ಮಾತ್ರ. ಮತ್ತೆ ಮೊದಲಿನಿಂದ ಅಳೆದು 2018ರಲ್ಲಿ ಹೊಸ ಅಳತೆಗೋಲು ತಂದರು. ಅದರಲ್ಲೂ ಎರಡು ಡಿಗ್ರಿಗಿಂತ ತುಸು ಹೆಚ್ಚೇ ಆಚೀಚೆ ಇದೆ. ಅವರೇ ಬರೆದುಕೊಂಡಿದ್ದಾರೆ, ಮುಚ್ಚಿಟ್ಟಿಲ್ಲ. ನೀವು ಮಾತ್ರ ದಶಮಾಂಶ ಬಿಂದುವಿನ ಸಮೇತ ಒಂದೇ ಒಂದು ಸಂಖ್ಯೆ ಕೊಟ್ಟು ಸುಮ್ಮನಾಗಿದ್ದೀರಿ.

ಇಷ್ಟೆಲ್ಲ ಹೇಳಿದ ಮೇಲೆ ಮೈದುನ ಥರ್ಮಾಮೀಟರಿನ ಮಾತು ಬಿಟ್ಟ. ‘ಎರಡು ಡಿಗ್ರಿ ಆಚೀಚೆ ಆಗುವುದಾದರೆ ಅದರಿಂದ ಪ್ರಯೋಜನವೇನು?’ ಎಂದ. ಒಳ್ಳೆಯ ಪ್ರಶ್ನೆ. ನಮ್ಮ ಅಡಕೆ ತೂಗುವ ಹಳೆಯ ತಕ್ಕಡಿ ಅರ್ಧ ಕಿಲೋ ಹೆಚ್ಚು ತೋರಿಸುತ್ತದೆ. ಹಾಗಿದ್ದರೂ ಯಾವ ಚೀಲ ಭಾರ, ಯಾವುದು ಹಗುರ ಎಂಬುದನ್ನು ಸರಿಯಾಗಿಯೇ ಹೇಳುತ್ತದೆ. ಒಂದೇ ಸರೋವರದ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಇರುವ ವ್ಯತ್ಯಾಸ ಹಾಗೆ, ಬರೀ ಡಿಗ್ರಿಗಿಂತ ಅದನ್ನು ಹೆಚ್ಚು ನಂಬಬಹುದು. ಅದೇ ಕೀನ್ಯಾ ಪರ್ವತದಲ್ಲಿ ಮೂರು ಸಾವಿರ ಮೀಟರಿಗೂ ಎತ್ತರದಲ್ಲಿರುವ ರುಟುಂಡು ಸರೋವರದ ಕೆಸರನ್ನು ಅಳೆದವರು 2017ರಲ್ಲಿ ಹೇಳಿದ್ದೂ ಇಂಥ ವ್ಯತ್ಯಾಸವನ್ನೇ: ಹಿಮಯುಗದ ಕಡು ಚಳಿಯಲ್ಲಿ ಬೆಟ್ಟದ ಮೇಲು ಭಾಗ ತಗ್ಗಿಗಿಂತ ಹೆಚ್ಚು ತಣ್ಣಗಾಗಿತ್ತು. ಭೂಮಿ ಬಿಸಿಯಾಗುವಾಗಲೂ ಎತ್ತರದ ಜಾಗವೇ ಮುಂದಿರುತ್ತದೆ ಎಂಬ ಮಾತಿಗೆ ಇದು ಬಲ ಕೊಡುತ್ತದೆ. ಸಮಭಾಜಕದ ಹತ್ತಿರ ಬೇಸಿಗೆಗೂ ಚಳಿಗಾಲಕ್ಕೂ ಅಂತರ ಕಡಿಮೆಯಾದ್ದರಿಂದ ಅಲ್ಲಿ ವರ್ಷದ ಸರಾಸರಿ ಎಂದು ಹೇಳುವುದಕ್ಕೂ ಧೈರ್ಯ ಬರುತ್ತದೆ. ವರ್ಷಕ್ಕೆ ಆರು ತಿಂಗಳು ಹೆಪ್ಪುಗಟ್ಟಿರುವ ಉತ್ತರದ ಸರೋವರಗಳಿಗೆ ಆ ಮಾತು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಮೈದುನ ಪೂರ್ತಿ ಒಪ್ಪಿದ ಎಂದೇನಲ್ಲ. ತಕ್ಕಡಿಯನ್ನು ಮೊದಲು ರಿಪೇರಿ ಮಾಡಿಸಿ ಎಂದು ಹೇಳಿ ಹೋದ.

ಮುಂದಿನ ಸಲ ಇಂಥ ಸುದ್ದಿ ಹಾಕುವಾಗ ಸಂಖ್ಯೆಯ ಮುಂದೆ ± ಎಂಬ ಗುರುತನ್ನೂ ಅದರ ಅಂಕಿಯನ್ನೂ ಹಾಕಿ. ಜಾಗ ಸಾಲದಿದ್ದರೆ ದಶಮಾಂಶವನ್ನು ಕಿತ್ತುಹಾಕಿ, ಅಲ್ಲಿ ಜಾಗ ಸಿಗುತ್ತದೆ.

— ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ, ಸಾಗರ